ಒಂದು ಖಾಲಿ ಕುರ್ಚಿ, ಒಂದು ಟಿಕ್ ಮಾರ್ಕು

2022ರ ಮಾರ್ಚ್ ತಿಂಗಳು. ನನ್ನ ಮೊಮ್ಮಗಳು ಆಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಓದುತ್ತಿದ್ದಳು. ಭಾನುವಾರ ಸಂಜೆಯಾದರೆ ಅವಳ ವಿಡಿಯೊ ಕಾಲ್ ಬರಲೇಬೇಕು. ಹನೂರಿನ ನಮ್ಮ ಜಗಲಿಯಲ್ಲಿ ನಾನೂ ನನ್ನ ಹೆಂಡತಿಯೂ ಫೋನ್ ಹಿಡಿದು ಕೂತಿರುತ್ತಿದ್ದೆವು. ಆವತ್ತು ಅವಳು ಊಟ, ಚಳಿ ಯಾವುದನ್ನೂ ಹೇಳಲಿಲ್ಲ.

"ತಾತ, ನಮ್ಮ ಮನೆ ಓನರ್ ಆಂಟಿ ಅಡುಗೆಮನೆಯಲ್ಲೇ ಕೂತು ಓಟು ಹಾಕ್ತಿದ್ದಾರೆ! ಬ್ಯಾಲೆಟ್ ಪೋಸ್ಟಲ್ಲಿ ಬಂದಿದೆ. ಡಿಗ್ರಿ ಆದವರಿಗೆ ಮಾತ್ರ ಅಂತೆ. ಇದೆಂಥ ಎಲೆಕ್ಷನ್ನು?"

"ನಿನ್ನ ತಾತನಿಗೂ ಅಂಥದೊಂದು ಓಟಿದೆ ಕಣಮ್ಮ" ಅಂದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಮುಸಿಮುಸಿ ನಕ್ಕಳು. ಯಾಕೆ ನಕ್ಕಳು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಐರ್ಲೆಂಡಿನ ಸಂಸತ್ತಿನ ಮೇಲ್ಮನೆಗೆ ಶಾನದ್ ಎಂದು ಹೆಸರು. ಒಟ್ಟು 60 ಜನ. ಅದರಲ್ಲಿ ಆರು ಸ್ಥಾನ ವಿಶ್ವವಿದ್ಯಾಲಯಗಳಿಗೆ ಮೀಸಲು. ಮೂವರನ್ನು ಡಬ್ಲಿನ್ ವಿಶ್ವವಿದ್ಯಾಲಯದ ಪದವೀಧರರು, ಅಂದರೆ ಟ್ರಿನಿಟಿ ಕಾಲೇಜಿನಲ್ಲಿ ಓದಿದವರು ಆರಿಸುತ್ತಿದ್ದರು. ಇನ್ನು ಮೂವರನ್ನು ನ್ಯಾಷನಲ್ ಯೂನಿವರ್ಸಿಟಿ ಆಫ್ ಐರ್ಲೆಂಡಿನವರು. ಡಬ್ಲಿನ್ ಸ್ಥಾನದಲ್ಲಿದ್ದ ಇವಾನಾ ಬಾಸಿಕ್ ಎಂಬವರು 2021ರ ಜುಲೈನಲ್ಲಿ ಕೆಳಮನೆಗೆ ಗೆದ್ದು ಹೋದರು. ಕುರ್ಚಿ ಖಾಲಿ ಬಿತ್ತು. ಆ ಒಂದು ಕುರ್ಚಿಗಾಗಿ ನಡೆದ ಉಪಚುನಾವಣೆಯೇ ಮೊಮ್ಮಗಳು ಕಂಡದ್ದು. ಮಾರ್ಚ್ ಕೊನೆಗೆ ಫಲಿತಾಂಶ ಬಂದಾಗ ಗೆದ್ದವರು ಟಾಮ್ ಕ್ಲೊನನ್, ಸೈನ್ಯದಲ್ಲಿ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಎಂಟು ತಿಂಗಳು ಆ ಕುರ್ಚಿ ಖಾಲಿಯೇ ಇತ್ತು ಅನ್ನಿ.

ನಮ್ಮ ರಾಜ್ಯಸಭೆಯಲ್ಲಿ ಪದವೀಧರರಿಗೆ ಇಂಥ ಸ್ಥಾನವಿಲ್ಲ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ ಎಂದು 12 ಜನರನ್ನು ನಾಮಕರಣ ಮಾಡುವ ಪದ್ಧತಿಯನ್ನು ಮಾತ್ರ ನಮ್ಮ ಸಂವಿಧಾನದವರು ಐರ್ಲೆಂಡ್ ನೋಡಿ ತಂದರು. ಪದವೀಧರರ ಓಟು ಇರುವುದು ರಾಜ್ಯದ ಮೇಲ್ಮನೆಗೆ. ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರಿಗೆ, ಏಳು ಶಿಕ್ಷಕರಿಗೆ. ಹನೂರು ಸೇರುವುದು ದಕ್ಷಿಣ ಪದವೀಧರ ಕ್ಷೇತ್ರಕ್ಕೆ. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ನಾಲ್ಕು ಜಿಲ್ಲೆಯ ಪದವೀಧರರಿಗೆಲ್ಲ ಸೇರಿ ಒಬ್ಬರೇ ಪ್ರತಿನಿಧಿ. ಕೊಡಗಿನ ಗಡಿಯಿಂದ ಮಾದಪ್ಪನ ಬೆಟ್ಟದವರೆಗೆ ಆ ಪುಣ್ಯಾತ್ಮರು ಹೇಗೆ ಓಡಾಡುತ್ತಾರೋ!

ಈ ಓಟು ತಾನಾಗಿ ಬರುವುದಿಲ್ಲ. ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು. ನಮೂನೆ 18 ತುಂಬಿ, ಪದವಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಕೊಡಬೇಕು. ಹೋದ ಸಲ ಹೆಸರಿತ್ತು ಎಂದು ಸುಮ್ಮನೆ ಕೂತರೆ ಈ ಸಲ ಇರುವುದಿಲ್ಲ. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿಯೇ ಆಗಬೇಕು. ಎಷ್ಟೋ ಎಂ.ಎ., ಬಿ.ಇ. ಮಾಡಿದವರಿಗೆ ಇದು ಗೊತ್ತಾಗುವುದು ಮತದಾನದ ಹಿಂದಿನ ದಿನ.

ನವೆಂಬರ್ 1 ಅಂದಾಗ ನಮ್ಮ ಕಡೆಯವರಿಗೆ ಇನ್ನೊಂದು ನೆನಪು ಬರಬೇಕು. ನಾನು ಹುಟ್ಟಿದಾಗ ಹನೂರು ಕರ್ನಾಟಕದಲ್ಲಿರಲಿಲ್ಲ. ಆಗಿನ ಮೈಸೂರು ರಾಜ್ಯದಲ್ಲೂ ಇರಲಿಲ್ಲ. ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು, ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಜಿಲ್ಲೆ ಮದರಾಸು ರಾಜ್ಯಕ್ಕೆ. 1956ರ ನವೆಂಬರ್ 1ಕ್ಕೆ ನಾವು ಈ ಕಡೆ ಬಂದೆವು. ಅತ್ತ ತಮಿಳುನಾಡಿನವರು 1986ರಲ್ಲಿ ವಿಧಾನ ಪರಿಷತ್ತನ್ನೇ ರದ್ದು ಮಾಡಿದರು. ಅದು ಜಾರಿಗೆ ಬಂದದ್ದೂ ನವೆಂಬರ್ 1ಕ್ಕೆ! ನಾವು ಅಲ್ಲೇ ಉಳಿದಿದ್ದರೆ ಈ ಓಟು ನನಗೆ ಇರುತ್ತಲೇ ಇರಲಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಬಂದ ಓಟನ್ನು ನಾನು ಏನು ಮಾಡಿದೆ ಗೊತ್ತೆ?

ಆಗ ಕೊಳ್ಳೇಗಾಲದಲ್ಲಿ ಬ್ಯಾಂಕಿನಲ್ಲಿ ಗುಮಾಸ್ತ. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಸಂಜೆ ಲೆಡ್ಜರ್ ಪಕ್ಕದಲ್ಲಿ ಡೇಬುಕ್ ಇಟ್ಟುಕೊಂಡು ಒಂದೊಂದು ಮೊತ್ತಕ್ಕೂ ಟಿಕ್ ಹಾಕುತ್ತಾ ತಾಳೆ ನೋಡುವುದೇ ಕೆಲಸ. ದಿನಕ್ಕೆ ಎಷ್ಟು ನೂರು ಟಿಕ್ ಹಾಕುತ್ತಿದ್ದೆನೋ. ಮೊದಲ ಸಲ ಪದವೀಧರ ಚುನಾವಣೆಗೆ ಹೋದೆ. ಬಿ.ಕಾಂ. ಪಾಸಾದವನೆಂಬ ಜಂಬ ಬೇರೆ. ಬಾಗಿಲಲ್ಲಿ ಅಂಟಿಸಿದ್ದ ಸೂಚನೆ ಓದಲಿಲ್ಲ. ಮತಪತ್ರ ಬಿಡಿಸಿದೆ, ಹೆಸರು ಹುಡುಕಿದೆ, ಕೈ ತಾನಾಗಿ ಚೆಂದದ ಒಂದು ಟಿಕ್ ಹಾಕಿತು. ಮಡಿಸಿ ಪೆಟ್ಟಿಗೆಗೆ ಹಾಕಿ ಹೊರಗೆ ಬಂದೆ. ಅಂಗಳದಲ್ಲಿ ಇಬ್ಬರು ಮೇಷ್ಟ್ರು ಮಾತಾಡಿಕೊಳ್ಳುತ್ತಿದ್ದರು: "ಒಂದು, ಎರಡು, ಮೂರು ಅಂತ ಅಂಕಿ ಬರೆಯಬೇಕು, ಟಿಕ್ ಹಾಕಿದರೆ ಅಸಿಂಧು."

ಆ ಮಾತು ಇನ್ನೂ ಕಿವಿಯಲ್ಲಿದೆ. ರಾತ್ರಿ ಹೆಂಡತಿಗೆ ಹೇಳಿದೆ. ಹೇಳಬಾರದಿತ್ತು. ಅವಳು ಓದಿದ್ದು ಎಸ್ಸೆಸ್ಸೆಲ್ಸಿ. ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವವಳು, ರೇಷ್ಮೆಗೂಡಿನ ಧಾರಣೆಯಿಂದ ಹಿಡಿದು ವಿಧಾನಸಭೆಯ ಗಲಾಟೆಯವರೆಗೆ ಎಲ್ಲ ಬಲ್ಲವಳು. "ಓದಿಲ್ಲದ ನನಗೆ ಒಂದೇ ಓಟು. ಓದಿದ ನಿಮಗೆ ಎರಡು. ಅದರಲ್ಲಿ ಒಂದನ್ನ ನೀರಿಗೆ ಹಾಕಿ ಬಂದ್ರಲ್ಲ" ಅಂದಳು. ನಾನು ಉತ್ತರ ಕೊಡಲಿಲ್ಲ. ಏನಿತ್ತು ಕೊಡಲಿಕ್ಕೆ?

2022ರ ಮೇ ತಿಂಗಳಲ್ಲಿ, ಚುನಾವಣೆ ಜೂನ್ 13ಕ್ಕೆ ಎಂದಾದ ಮೇಲೆ, ಬೇಸಿಗೆ ರಜಕ್ಕೆ ಮನೆ ತುಂಬ ಮಕ್ಕಳು. ಡಬ್ಲಿನ್ ಕಥೆ ಕೇಳಿ ಅವಕ್ಕೂ ಓಟಿನ ಹುಚ್ಚು. ಸರಿ, ಭಾನುವಾರದ ಸಿಹಿ ಯಾವುದು ಎಂದು ಚುನಾವಣೆ ಮಾಡೋಣ ಎಂದೆ. ಅಭ್ಯರ್ಥಿಗಳು ಮೂರು: ಒಬ್ಬಟ್ಟು, ಗಸಗಸೆ ಪಾಯಸ, ರವೆ ಉಂಡೆ. ದೊಡ್ಡವರು ಚಿಕ್ಕವರು ಸೇರಿ 12 ಮತದಾರರು. ಮಾಡಿ ಬಡಿಸುವವಳು ಅವಳೇ ಆದ್ದರಿಂದ ಅಜ್ಜಿ ಓಟು ಹಾಕದೆ ಚುನಾವಣಾಧಿಕಾರಿಯಾದಳು.

ನಿಯಮ ಇಷ್ಟೆ. ತುಂಬ ಇಷ್ಟವಾದದ್ದಕ್ಕೆ 1, ಅದಾಗದಿದ್ದರೆ ಬೇಕಾದದ್ದಕ್ಕೆ 2, ಆಮೇಲೆ 3. ಒಂದು ಎಂಬ ಅಂಕಿ ಇರಲೇಬೇಕು, ಅದೂ ಒಬ್ಬರಿಗೆ ಮಾತ್ರ. ಎರಡು, ಮೂರು ನಿಮ್ಮಿಷ್ಟ. ಕನ್ನಡ ಅಂಕಿಯಲ್ಲೂ ಬರೆಯಬಹುದು. ಗೆಲ್ಲಲು ಸಿಂಧುವಾದ ಮತಗಳ ಅರ್ಧಕ್ಕಿಂತ ಹೆಚ್ಚು ಬೇಕು.

ಚೀಟಿ ಬಿಡಿಸಿದರೆ ಒಂದರಲ್ಲಿ ಒಬ್ಬಟ್ಟಿನ ಮುಂದೆ ಟಿಕ್! ಅಜ್ಜಿ ಅದನ್ನು ಪಕ್ಕಕ್ಕಿಟ್ಟಳು. ಉಳಿದದ್ದು 11. ಅರ್ಧ ಐದೂವರೆ, ಆದ್ದರಿಂದ ಗೆಲ್ಲಲು ಆರು ಬೇಕು. ಒಬ್ಬಟ್ಟಿಗೆ ಐದು, ಪಾಯಸಕ್ಕೆ ನಾಲ್ಕು, ಉಂಡೆಗೆ ಎರಡು. ಯಾರಿಗೂ ಆರಿಲ್ಲ. ಎಲ್ಲಕ್ಕಿಂತ ಕಡಿಮೆ ಬಂದ ಉಂಡೆ ಔಟ್. ಆದರೆ ಉಂಡೆಯ ಎರಡು ಚೀಟಿಗಳನ್ನು ಎಸೆಯುವಂತಿಲ್ಲ. ಅವುಗಳಲ್ಲಿ 2 ಯಾರಿಗಿದೆ ನೋಡಬೇಕು. ಎರಡರಲ್ಲೂ ಪಾಯಸಕ್ಕೇ ಇತ್ತು. ನಾಲ್ಕು ಮತ್ತು ಎರಡು ಸೇರಿ ಆರು, ಪಾಯಸ ಗೆದ್ದಿತು. ಮೊದಲ ಸುತ್ತಿನಲ್ಲಿ ಮುಂದಿದ್ದ ಒಬ್ಬಟ್ಟು ಸೋತಿತು. ದೊಡ್ಡ ಚುನಾವಣೆಯಲ್ಲೂ ಹೀಗೆಯೇ, ಪಟ್ಟಿ ಉದ್ದವಿದ್ದಷ್ಟೂ ಎಣಿಕೆ ಎಳೆಯುತ್ತದೆ.

ಈ ವಿಧಾನದಲ್ಲಿ ನನಗೆ ಹಿಡಿಸುವುದು ಇದೇ. ನಿಮ್ಮ ಅಭ್ಯರ್ಥಿ ಬಿದ್ದರೂ ನಿಮ್ಮ ಚೀಟಿ ಬೀಳುವುದಿಲ್ಲ. "ಇವರಾಗದಿದ್ದರೆ ಅವರು" ಎಂದು ಇನ್ನೊಂದು ಸಲ ಮಾತಾಡುತ್ತದೆ. ಟಿಕ್ ಹಾಕಿದ ಚೀಟಿ ಮಾತ್ರ ಮೊದಲ ಸುತ್ತಿಗೂ ಬರದೆ ಕಟ್ಟಿನಲ್ಲಿ ಬಿದ್ದಿರುತ್ತದೆ. ಪ್ರತಿ ಸಲವೂ ಹಾಗೆ ಸಾವಿರಗಟ್ಟಲೆ ಪದವೀಧರರ ಮತ ಅಸಿಂಧುವಾಗುತ್ತದೆ ಅನ್ನುವುದು ನಮಗೆ ಗೌರವದ ಮಾತಲ್ಲ.

ನಮ್ಮ ಮನೆಯ ಟಿಕ್ ಆರು ವರ್ಷದ ಮೊಮ್ಮಗನದು. ಅವನ ಓಟು ನಿಂತಿದ್ದರೆ ಒಬ್ಬಟ್ಟಿಗೂ ಪಾಯಸಕ್ಕೂ ಆರಕ್ಕೆ ಆರು ಸಮ. ತನ್ನಿಂದಲೇ ಒಬ್ಬಟ್ಟು ಹೋಯಿತು ಎಂದು ಅರ್ಥವಾಗುತ್ತಲೇ ಹುಡುಗ ಅಳತೊಡಗಿದ. "ತಾತ ನನ್ನ ಹೋಮ್‌ವರ್ಕ್‌ಗೆ ಹಾಗೇ ಹಾಕ್ತಾರಲ್ಲ!" ಎಂದ. ಎಲ್ಲರೂ ನನ್ನನ್ನೇ ನೋಡಿದರು. ನಾನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೊಳ್ಳೇಗಾಲದಲ್ಲಿ ನಾನು ಮಾಡಿದ್ದನ್ನು ಎಲ್ಲರೆದುರು ಹೇಳಿದೆ. ಅಲ್ಲಿಯವರೆಗೆ ಅದು ನನ್ನ ಹೆಂಡತಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹುಡುಗ ಅಳು ನಿಲ್ಲಿಸಿ, "ತಾತ, ನೀವೂ ಅತ್ರಾ?" ಎಂದ.

ಅಜ್ಜಿ ನಿಯಮ ಸಡಿಲಿಸಲಿಲ್ಲ. ಆವತ್ತು ಪಾಯಸವೇ. ಒಬ್ಬಟ್ಟು ಮುಂದಿನ ವಾರ.

ಆಮೇಲೆ ಎರಡೂ ಕಡೆ ಸುದ್ದಿಗಳು ಬಂದವು. ಇಲ್ಲಿ ಬೆಂಗಳೂರು ಶಿಕ್ಷಕರ ಕ್ಷೇತ್ರದ ಪುಟ್ಟಣ್ಣ ಅವರು 2023ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು ಪಕ್ಷ ಬದಲಿಸಿದರು, ವಿಧಾನಸಭೆಗೆ ನಿಂತು ಸೋತರು. ಆ ಕ್ಷೇತ್ರಕ್ಕೆ ಉಪಚುನಾವಣೆ ನಡೆದದ್ದು 2024ರ ಫೆಬ್ರುವರಿ 16ಕ್ಕೆ. ಗೆದ್ದವರು ಪುಟ್ಟಣ್ಣನವರೇ. ಉಪಚುನಾವಣೆಯಲ್ಲಿ ಗೆದ್ದವರಿಗೆ ಆರು ವರ್ಷವಿಲ್ಲ, ಉಳಿದ ಅವಧಿ ಮಾತ್ರ. ನಡುವೆ ಹನ್ನೊಂದು ತಿಂಗಳು ಆ ಶಿಕ್ಷಕರಿಗೆ ಪರಿಷತ್ತಿನಲ್ಲಿ ತಮ್ಮವರು ಎಂದು ಯಾರೂ ಇರಲಿಲ್ಲ. ಡಬ್ಲಿನ್ನಿನ ಎಂಟು ತಿಂಗಳಿಗಿಂತ ಇದು ಹೆಚ್ಚೇ ಆಯಿತು.

ಅಲ್ಲಿ ಐರ್ಲೆಂಡಿನಲ್ಲಿ ಲಿಮರಿಕ್ ವಿಶ್ವವಿದ್ಯಾಲಯದ ಪದವೀಧರರೊಬ್ಬರು, ಆ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಓದಿದವರಿಗೆ ಮಾತ್ರ ಓಟು ಯಾಕೆ, ನಾವೇನು ಪದವೀಧರರಲ್ಲವೆ ಎಂದು ಕೋರ್ಟಿಗೆ ಹೋಗಿದ್ದರು. ಬೇರೆ ಕಾಲೇಜಿನವರಿಗೂ ಓಟು ಕೊಡಬಹುದು ಎಂದು ಅಲ್ಲಿಯ ಜನ 1979ರಲ್ಲೇ ಸಂವಿಧಾನ ತಿದ್ದಿದ್ದರು. ಸರ್ಕಾರಗಳು ಮಾತ್ರ ಅದನ್ನು ಜಾರಿಗೆ ತರದೆ ಕೂತಿದ್ದವು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರ ವಾದ ಎತ್ತಿಹಿಡಿಯಿತು. 2024ರಲ್ಲಿ ಕಾನೂನಾಗಿ, ಆರು ಸ್ಥಾನವೂ ಸೇರಿ ಉನ್ನತ ಶಿಕ್ಷಣದ ಒಂದೇ ದೊಡ್ಡ ಕ್ಷೇತ್ರ ಎಂದಾಯಿತು.

ಇದನ್ನು ಹೆಂಡತಿಗೆ ಓದಿ ಹೇಳಿದೆ. "ಅವರು ಪದವೀಧರರಲ್ಲೇ ಬೇಧ ಬೇಡ ಅಂದ್ರು. ಪದವಿ ಇಲ್ಲದವರ ಸುದ್ದಿ ಯಾರೂ ಎತ್ತಲಿಲ್ವಲ್ಲ" ಅಂದಳು. 1951ರ ಜನಗಣತಿಯಲ್ಲಿ ದೇಶದಲ್ಲಿ ನೂರಕ್ಕೆ 18 ಜನ ಮಾತ್ರ ಅಕ್ಷರ ಬಲ್ಲವರು. ಓದಿದ ನಾಲ್ಕು ಜನರ ಮಾತು ಮೇಲ್ಮನೆಯಲ್ಲಿ ಇರಲಿ ಎಂದು ಆಗಿನವರು ಯೋಚಿಸಿದ್ದರಲ್ಲಿ ಅರ್ಥವಿತ್ತು ಎಂದು ವಾದಿಸಿದೆ. ಈಗ ಬೀದಿಗೊಬ್ಬರಂತೆ ಪದವೀಧರರಿರುವಾಗ ಆ ವಾದ ನನಗೇ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. ಹಾಗೆಂದು ಓಟು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸೂ ನನ್ನದಲ್ಲ.

2022ರ ಜೂನ್ 13, ಸೋಮವಾರ. ಬೆಳಿಗ್ಗೆಯೇ ಮತಗಟ್ಟೆಗೆ ಹೋದೆ. ಬಾಗಿಲಲ್ಲಿ ಅಂಟಿಸಿದ್ದ ಸೂಚನೆಯನ್ನು ಎರಡು ಸಲ ಓದಿದೆ. ಜೇಬಿನಲ್ಲಿದ್ದ ನನ್ನ ಪೆನ್ನು ಮುಟ್ಟದೆ ಅವರು ಕೊಟ್ಟ ನೇರಳೆ ಬಣ್ಣದ ಪೆನ್ನಿನಲ್ಲೇ 1, 2, 3 ಬರೆದೆ. ಕೈ ಒಂದು ಕ್ಷಣ ಟಿಕ್ ಕಡೆಗೆ ವಾಲಿದ್ದು ಸುಳ್ಳಲ್ಲ. ಮನೆಗೆ ಬಂದಾಗ ಬೆರಳಿನ ಶಾಯಿ ಇನ್ನೂ ಹಸಿಯಾಗಿತ್ತು. ನನ್ನ ಹೆಂಡತಿ ಅದನ್ನು ನೋಡಲೂ ಇಲ್ಲ. ಹೊಸಿಲಲ್ಲೇ ನಿಲ್ಲಿಸಿ ಕೇಳಿದಳು:

"ಏನ್ರೀ, ಅಂಕಿ ತಾನೆ?"