ಬರೆಯದ ನಿಯಮವನ್ನು ಮುರಿದ ಆಡಳಿತಗಾರ

ಕ್ರಿಕೆಟ್ಟನ್ನೇ ಉಸಿರಾಡುವ ನಮಗೆ ಬೇಸ್‌ಬಾಲ್ ದೂರದ ಆಟ. ಆದರೂ ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಆಯುಷ್ಯ ಸವೆಸಿದ ನನ್ನನ್ನು ಆ ಆಟದ ಆಡಳಿತಗಾರ ಬ್ರಾಂಚ್ ರಿಕಿ ಅವರ ಬದುಕು ಬಹುವಾಗಿ ಕಾಡಿದೆ.

1881ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಜನಿಸಿದ ರಿಕಿ ಆಟಗಾರರಾಗಿ ಹೆಸರು ಮಾಡಲಿಲ್ಲ. ಕಾನೂನು ಪದವಿ ಪಡೆದು ತಂಡಗಳ ಆಡಳಿತಕ್ಕೆ ಬಂದರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬೊಕ್ಕಸ ಬರಿದಾಗಿತ್ತು. ಸಿರಿವಂತ ತಂಡಗಳೊಡನೆ ಪೈಪೋಟಿಗಿಳಿದು ಆಟಗಾರರನ್ನು ಕೊಳ್ಳುವ ಬದಲು, ಸಣ್ಣ ಊರುಗಳ ಕಿರಿಯ ತಂಡಗಳನ್ನು ವಶಕ್ಕೆ ಪಡೆದು ಪ್ರತಿಭೆಗಳನ್ನು ಸಸಿಮಡಿಯಲ್ಲಿ ಬೆಳೆಸುವಂತೆ ಬೆಳೆಸಿದರು. 1926ರಿಂದ 1942ರೊಳಗೆ ಆ ತಂಡ ನಾಲ್ಕು ಬಾರಿ ವರ್ಲ್ಡ್ ಸೀರೀಸ್ ಗೆದ್ದಿತು.

ಬಳಿಕ ಅವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಅಧ್ಯಕ್ಷರೂ ಪಾಲುದಾರರೂ ಆದರು. ಪ್ರಮುಖ ಲೀಗುಗಳಲ್ಲಿ ಕಪ್ಪು ಆಟಗಾರರಿಗೆ ಅರ್ಧ ಶತಮಾನಕ್ಕೂ ಮಿಕ್ಕಿ ಪ್ರವೇಶವಿರಲಿಲ್ಲ. ಅದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಮಾಲೀಕರ ಮೌನಸಮ್ಮತಿ ಅಷ್ಟೆ. 1945ರಲ್ಲಿ ರಿಕಿ ಅವರು ಜಾಕಿ ರಾಬಿನ್‌ಸನ್ ಅವರನ್ನು ಕರೆಸಿ, ಮೈದಾನದಲ್ಲಿ ಎದುರಾಗಬಹುದಾದ ಬೈಗುಳಗಳನ್ನೆಲ್ಲ ತಾವೇ ಆಡಿ ತೋರಿಸಿ, ತಿರುಗಿ ಬೀಳದಿರುವ ಧೈರ್ಯ ಉಂಟೇ ಎಂದು ಕೇಳಿದರು. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ಬ್ರೂಕ್ಲಿನ್ ಪರ ಕಣಕ್ಕಿಳಿದರು. ಆ ವರ್ಷ ತಂಡ ನ್ಯಾಷನಲ್ ಲೀಗ್ ಪ್ರಶಸ್ತಿ ಗೆದ್ದಿತು. ತವರಿನ ಮೈದಾನಕ್ಕೆ 18 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದರು.

ಇದು ನ್ಯಾಯಪ್ರಜ್ಞೆಯೋ, ವ್ಯಾಪಾರವೋ? ಎರಡೂ ಹೌದು. ರಾಬಿನ್‌ಸನ್ ಮೊದಲು ಆಡುತ್ತಿದ್ದ ಕಪ್ಪು ಆಟಗಾರರ ತಂಡಕ್ಕೆ ರಿಕಿ ಬಿಡಿಗಾಸು ಕೊಡಲಿಲ್ಲ ಎಂಬುದನ್ನೂ ಮರೆಯಲಾಗದು.

ತಾರತಮ್ಯ ಮಾಡುವ ಉದ್ಯಮಿ ನಷ್ಟವನ್ನೂ ಹೊರಬೇಕಾಗುತ್ತದೆ ಎಂದು 1957ರಲ್ಲಿ ಗ್ಯಾರಿ ಬೆಕರ್ ವಾದಿಸಿದರು. ಆದರೆ ಅಂದಿನ 16 ತಂಡಗಳ ಮಾಲೀಕರು ಆ ನಷ್ಟವನ್ನು ದಶಕಗಳ ಕಾಲ ಸಂತೋಷದಿಂದಲೇ ಹೊತ್ತಿದ್ದರು. ರಿಕಿ ದಾರಿ ತೋರಿದ ಮೇಲೂ ಕೊನೆಯ ತಂಡ ಬಾಗಿಲು ತೆರೆದದ್ದು 1959ರಲ್ಲಿ. ಮಾರುಕಟ್ಟೆ ತಾನಾಗಿ ನ್ಯಾಯ ನೀಡುವುದಿಲ್ಲ. ಯಾರಾದರೊಬ್ಬರು ಮೊದಲ ಹೆಜ್ಜೆ ಇಡಬೇಕು.

ನಾನು ಸೇವೆಯಲ್ಲಿದ್ದ ಕಚೇರಿಯೊಂದರಲ್ಲಿ ಕೆಲವರಿಗೆ ನೀರಿನ ಲೋಟ ಬೇರೆಯಿತ್ತು. ಕಡತ ಹುಡುಕಿದೆ, ಅಂಥ ಆದೇಶವೇ ಇರಲಿಲ್ಲ. ಆದೇಶವೇ ಇಲ್ಲದ ಮೇಲೆ ರದ್ದುಪಡಿಸುವುದು ಏನನ್ನು ಎಂದು ಸುಮ್ಮನಾದೆ. ಆ ಲೋಟವನ್ನು ಎತ್ತಿಡಲು ಆದೇಶ ಬೇಕಿರಲಿಲ್ಲ ಎಂಬುದು ಈಗ ತಿಳಿಯುತ್ತಿದೆ.