ಒಂದು ಹುಳು, ಏಳು ಕೋಟಿ ಮೊಟ್ಟೆ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಮಗುವಿನ ಹೊಟ್ಟೆಯಲ್ಲಿರುವ ಒಂದೇ ಒಂದು ಹೆಣ್ಣು ದುಂಡುಹುಳು ವರ್ಷಕ್ಕೆ ಇಡುವ ಮೊಟ್ಟೆ ಅದಕ್ಕಿಂತ ಹೆಚ್ಚು. ದಿನಕ್ಕೆ ಸುಮಾರು 2 ಲಕ್ಷ ಎಂದರೆ ವರ್ಷಕ್ಕೆ 7.3 ಕೋಟಿ. ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು, ಹಗಲು ರಾತ್ರಿ ಎನ್ನದೆ, ಹಬ್ಬ ಹುಣ್ಣಿಮೆಗೂ ರಜೆಯಿಲ್ಲದೆ. ಗಂಡು ಹುಳು ಜೊತೆಗಿಲ್ಲದಿದ್ದರೆ ಆ ಮೊಟ್ಟೆಗಳು ಫಲಿಸುವುದಿಲ್ಲ. ಹಾಗೆಂದು ಈಕೆ ಇಡುವುದನ್ನು ನಿಲ್ಲಿಸುವುದೂ ಇಲ್ಲ. ಒಂದೊಂದು ಮೊಟ್ಟೆಯೂ ಮಿಲಿಮೀಟರಿನ ನೂರು ಪಾಲಿನಲ್ಲಿ ಆರು ಪಾಲಿನಷ್ಟು ಉದ್ದ, ಬರಿಗಣ್ಣಿಗೆ ಕಾಣದು. ಆದರೂ ಒಂದು ದಿನದ ಮೊಟ್ಟೆಗಳನ್ನು ಒಂದರ ಹಿಂದೊಂದು ಸಾಲಾಗಿ ಇಟ್ಟರೆ 12 ಮೀಟರ್ ಆಗುತ್ತದೆ, ವರ್ಷದ್ದು 4 ಕಿ.ಮೀ. ದಾಟುತ್ತದೆ. ಇಷ್ಟನ್ನೂ ಹೆರುವ ತಾಯಿಯ ಉದ್ದ 20ರಿಂದ 35 ಸೆಂ.ಮೀ. ಮಕ್ಕಳ ಶಾಲೆಯ ಚೀಲದಲ್ಲಿ ದೊಡ್ಡ ಸ್ಕೇಲ್ ಇರುತ್ತದಲ್ಲ, ಅಷ್ಟು.

ಇಷ್ಟೊಂದು ಏಕೆ ಎಂದರೆ, ಬಹುಪಾಲು ದಂಡವಾಗುವಂಥವು. ಬಯಲಿನಲ್ಲಿ ಮಲದೊಂದಿಗೆ ಬಿದ್ದು, ಬಿಸಿಲಿಗೆ ಒಣಗಿ, ಮಳೆಗೆ ಕೊಚ್ಚಿ ಹೋಗಿ ಉಳಿದದ್ದು ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ಆಟವಾಡಿದ ಕೈ, ತೊಳೆಯದ ಸೊಪ್ಪು, ಕಚ್ಚಿದ ಉಗುರು, ಯಾವ ದಾರಿಯಾದರೂ ಸರಿ, ಅದು ಮತ್ತೆ ಬಾಯಿ ಸೇರಿದರೆ ಆಯಿತು. ಅಲ್ಲಿಂದ ಮುಂದಿನ ಪ್ರಯಾಣ ಇನ್ನೂ ವಿಚಿತ್ರ. ಸಣ್ಣಕರುಳಿನಲ್ಲಿ ಹೊರಬಿದ್ದ ಮರಿ ಕರುಳನ್ನು ಕೊರೆದು ರಕ್ತಕ್ಕೆ ಇಳಿಯುತ್ತದೆ. ಪಿತ್ತಜನಕಾಂಗ, ಹೃದಯ, ಶ್ವಾಸಕೋಶ ದಾಟಿ ಗಂಟಲಿಗೆ ಏರುತ್ತದೆ. ಮಗು ಕೆಮ್ಮಿ ಉಗುಳು ನುಂಗಿದಾಗ ಹೊರಟ ಜಾಗಕ್ಕೇ ವಾಪಸು. ನೇರವಾಗಿ ಕರುಳಿನಲ್ಲೇ ಬೆಳೆದುಬಿಡಬಹುದಿತ್ತು. ಈ ತೀರ್ಥಯಾತ್ರೆ ಅದಕ್ಕೆ ಯಾಕೆ ಬೇಕಿತ್ತೋ! ಹೊಟ್ಟೆ ಸೇರಿ ಎರಡು ಮೂರು ತಿಂಗಳಿಗೆ ಅದೂ ಮೊಟ್ಟೆಯಿಡಲು ಶುರು.

ಕೊಕ್ಕೆಹುಳುವಿನ ಲೆಕ್ಕ ಬೇರೆ. ಉದ್ದ ಒಂದು ಸೆಂ.ಮೀ. ಆಸುಪಾಸು, ಒಳಬರುವುದು ಬರಿಗಾಲಿನ ಚರ್ಮ ಕೊರೆದು, ಬದುಕುವುದು ರಕ್ತ ಹೀರಿ. ನೆಕೇಟರ್ ಎಂಬ ಜಾತಿಯ ಒಂದು ಹುಳು ದಿನಕ್ಕೆ ಹೀರುವುದು 0.03 ಮಿ.ಲೀ., ಸುಮಾರು ಅರ್ಧ ಹನಿ. ಅಂಥವು ನೂರು ಇದ್ದರೆ ದಿನಕ್ಕೆ 3 ಮಿ.ಲೀ., ವರ್ಷಕ್ಕೆ ಒಂದು ಲೀಟರಿಗಿಂತ ಹೆಚ್ಚು. 20 ಕಿಲೋ ತೂಗುವ ಒಂದನೇ ಕ್ಲಾಸಿನ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು ಒಂದೂವರೆ ಲೀಟರ್. ಆ ಮಗು ಉಂಡದ್ದರಲ್ಲಿ ಎಷ್ಟು ಭಾಗ ಈ ಸಾಲ ತೀರಿಸಲಿಕ್ಕೇ ಹೋಗುತ್ತದೆ ಎಂದು ಯೋಚಿಸಿ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ, ಚಿಕ್ಕವರಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ. ಹುಳು ಇದ್ದ ಹೊಟ್ಟೆಯಲ್ಲಿ ಅದರ ಒಂದು ಪಾಲು ಹುಳುವಿಗೇ ಸಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ ಸುಮಾರು 150 ಕೋಟಿ ಜನರಿಗೆ ಮಣ್ಣಿನಿಂದ ಹರಡುವ ಈ ಹುಳುಗಳ ಸೋಂಕಿದೆ. ಅಪಾಯದ ಅಂಚಿನಲ್ಲಿರುವ ಭಾರತದ ಮಕ್ಕಳು 20 ಕೋಟಿಗೂ ಹೆಚ್ಚು.

ಇದಕ್ಕೆ ದೇಶ ಕಂಡುಕೊಂಡ ಉತ್ತರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ, ಫೆಬ್ರವರಿ 10 ಮತ್ತು ಆಗಸ್ಟ್ 10. ವೈದ್ಯರು ಬರುವುದಿಲ್ಲ, ಮಾತ್ರೆ ಕೊಡುವವರು ಶಾಲೆಯ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ. ಬಿಸಿಯೂಟ ಮುಗಿದ ಮೇಲೆ ಮಕ್ಕಳು ಸಾಲಾಗಿ ಬರುತ್ತಾರೆ. 400 ಮಿಲಿಗ್ರಾಂ ಆಲ್ಬೆಂಡಜೋಲ್, ಜಗಿದು ನುಂಗಬೇಕು. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಎರಡು ಚಮಚದ ನಡುವೆ ಪುಡಿ ಮಾಡಿ ನೀರಿನಲ್ಲಿ ಕಲಸಿ. ಮನೆಗೆ ಒಯ್ಯುವ ಹಾಗಿಲ್ಲ, ಟೀಚರ ಕಣ್ಣೆದುರೇ ನುಂಗಬೇಕು. ‘ಮಿಸ್, ನಂಗೆ ಜ್ವರ’ ಎನ್ನುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ನಿಜಕ್ಕೂ ಹುಷಾರಿಲ್ಲದವರಿಗೆ ಅಂದು ಕೊಡುವುದಿಲ್ಲ, ತಪ್ಪಿಸಿಕೊಂಡವರಿಗೆ ವಾರದ ಬಳಿಕ ಮತ್ತೊಂದು ಸುತ್ತು. ಹಾಜರಿ ಪುಸ್ತಕದಲ್ಲಿ ಮೊದಲ ದಿನ ನುಂಗಿದವರ ಹೆಸರಿನ ಮುಂದೆ ಒಂದು ಟಿಕ್, ಎರಡನೇ ಸುತ್ತಿನವರಿಗೆ ಎರಡು ಟಿಕ್. ಆ ಟಿಕ್‌ಗಳೇ ಶಾಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ದೆಹಲಿಗೆ ಏರಿ ದೇಶದ ಲೆಕ್ಕವಾಗುತ್ತವೆ.

2015ರಲ್ಲಿ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮೊದಲ ಬಾರಿ ನಡೆದಾಗ ಮಾತ್ರೆ ನುಂಗಿದ ಮಕ್ಕಳು ಸುಮಾರು 9 ಕೋಟಿ. ಮರುವರ್ಷ ಸುಮಾರು 18 ಕೋಟಿ. ಅದರಾಚೆ ಒಂದೊಂದು ಸುತ್ತೂ 25 ಕೋಟಿಯ ಆಸುಪಾಸಿಗೆ ಬಂತು. ಪೂರ್ತಿ ಮಾತ್ರೆ ಎಂದಿಟ್ಟುಕೊಂಡರೆ ಇದು 100 ಟನ್ ಔಷಧ. ಒಬ್ಬರೇ ವೈದ್ಯರು ಊಟ ನಿದ್ದೆ ಬಿಟ್ಟು ನಿಮಿಷಕ್ಕೊಂದು ಮಗುವಿಗೆ ಕೊಡುತ್ತಾ ಹೋದರೆ 475 ವರ್ಷ ಹಿಡಿಯುತ್ತದೆ. ತಾಳಿಕೋಟೆ ಕದನಕ್ಕೂ ಮೊದಲೇ ಶುರು ಮಾಡಿದ್ದರೆ ಈಗ ಮುಗಿಯುತ್ತಿತ್ತು. ಮೇಷ್ಟ್ರುಗಳು ಅದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ, ಮಾರನೆಯ ದಿನ ಮಗ್ಗಿಗೆ ಮರಳುತ್ತಾರೆ.

ಹುಳು ಇದೆಯೋ ಇಲ್ಲವೋ ನೋಡದೆ ಎಲ್ಲರಿಗೂ ಕೊಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಆದರೆ ಒಂದು ಮಗುವಿನ ಮಲ ಪರೀಕ್ಷೆಗೆ ತಗಲುವ ಖರ್ಚು ಮಾತ್ರೆಯ ಖರ್ಚಿನ ನಾಲ್ಕರಿಂದ ಹತ್ತು ಪಟ್ಟು. ಹುಳು ಇಲ್ಲದ ಮಗುವಿಗೆ ಈ ಮಾತ್ರೆಯಿಂದ ತೊಂದರೆ ಅಪರೂಪ, ಕರುಳಿನಿಂದ ರಕ್ತಕ್ಕೆ ಅದು ಸೇರುವುದೇ ಅಲ್ಪ. ಹಾಗಾಗಿ ಹುಡುಕುವುದಕ್ಕಿಂತ ಕೊಟ್ಟುಬಿಡುವುದೇ ಅಗ್ಗ.

ಹುಡುಕಿಯೇ ಕೊಟ್ಟ ದೇಶವೂ ಒಂದಿದೆ. 1963ರಲ್ಲಿ ದಕ್ಷಿಣ ಕೊರಿಯಾದ ಜಿಯೊಂಜು ನಗರದಲ್ಲಿ ಹೊಟ್ಟೆನೋವೆಂದು ಬಂದ ಒಂಬತ್ತು ವರ್ಷದ ಹುಡುಗಿಯ ಕರುಳಿನಿಂದ ವೈದ್ಯರು ತೆಗೆದ ದುಂಡುಹುಳುಗಳು 1,063. ಮಗು ಉಳಿಯಲಿಲ್ಲ. ದೇಶ ಬೆಚ್ಚಿತು. 1966ರಲ್ಲಿ ಹುಳುಗಳ ತಡೆಗೆ ಕಾನೂನು ಬಂತು. 1969ರಿಂದ 1995ರವರೆಗೆ ಶಾಲಾ ಮಕ್ಕಳೆಲ್ಲ ವರ್ಷಕ್ಕೆರಡು ಸಲ ಹೆಸರು ಬರೆದ ಲಕೋಟೆಯಲ್ಲಿ ಮಲದ ಮಾದರಿ ತರಬೇಕಿತ್ತು. ತರಲು ಮರೆತು ಗೆಳೆಯನದರಲ್ಲೇ ಪಾಲು ಪಡೆದವರ ಕಥೆಗಳನ್ನು ಆ ತಲೆಮಾರಿನವರು ಈಗಲೂ ನಗುತ್ತಾ ಹೇಳುತ್ತಾರೆ. 1971ರಲ್ಲಿ ಅಲ್ಲಿ ನೂರರಲ್ಲಿ 84 ಮಂದಿಯ ಹೊಟ್ಟೆಯಲ್ಲಿ ಯಾವುದಾದರೊಂದು ಹುಳು ಇತ್ತು; 1997ಕ್ಕೆ ಮೂವರಿಗಿಂತ ಕಡಿಮೆ. ಪರೀಕ್ಷೆ ಮತ್ತು ಮಾತ್ರೆಗಳ ಮಹಿಮೆ ಅಷ್ಟೇ ಅಲ್ಲ. ಅದೇ ವರ್ಷಗಳಲ್ಲಿ ಮನುಷ್ಯರ ಮಲವನ್ನು ಗದ್ದೆಗೆ ಗೊಬ್ಬರವಾಗಿ ಹಾಕುವುದು ನಿಂತಿತು, ಮನೆಮನೆಗೆ ಶೌಚಾಲಯ ಬಂತು.

ನಮ್ಮಲ್ಲಿ ಸಿಕ್ಕಿಕೊಳ್ಳುವುದು ಇಲ್ಲೇ. ಮಾತ್ರೆ ಹೊಟ್ಟೆಯಲ್ಲಿರುವ ಹುಳುವಿಗೆ ಆಹಾರ ದಕ್ಕದಂತೆ ಮಾಡಿ ಸಾಯಿಸುತ್ತದೆ. ಅಂಗಳದ ಮಣ್ಣಿನಲ್ಲಿರುವ ಮೊಟ್ಟೆಗೆ ಅದರ ಸುದ್ದಿಯೇ ಇಲ್ಲ. ಚಿಕಿತ್ಸೆ ಕೊಟ್ಟ ಆರು ತಿಂಗಳಿಗೆ ದುಂಡುಹುಳುವಿನ ಸೋಂಕು ಮೊದಲಿದ್ದುದರ ಮೂರನೇ ಎರಡರಷ್ಟಕ್ಕೆ ಮರಳುತ್ತದೆ, ವರ್ಷದೊಳಗೆ ಬಹುತೇಕ ಮೊದಲಿನಷ್ಟಕ್ಕೇ. ವರ್ಷಕ್ಕೆ ಎರಡು ಸುತ್ತು ಬೇಕಾಗುವುದು ಇದಕ್ಕೇ.

ಮಾತ್ರೆಯ ಪರಿಣಾಮದ ಬಗ್ಗೆಯೂ ಪಂಡಿತರಲ್ಲಿ ಒಮ್ಮತವಿಲ್ಲ. ಕೀನ್ಯಾದ 75 ಶಾಲೆಗಳಲ್ಲಿ 30,000ಕ್ಕೂ ಹೆಚ್ಚು ಮಕ್ಕಳ ನಡುವೆ ನಡೆದ ಅಧ್ಯಯನದಲ್ಲಿ ಗೈರುಹಾಜರಿ ಕಾಲು ಭಾಗ ಇಳಿಯಿತು. ಅದನ್ನು ನಡೆಸಿದ ಇಬ್ಬರಲ್ಲಿ ಒಬ್ಬರಾದ ಮೈಕೆಲ್ ಕ್ರೆಮರ್ ಮುಂದೆ 2019ರ ನೊಬೆಲ್ ಪಡೆದವರಲ್ಲಿ ಒಬ್ಬರು. ಬೇರೆಯವರು ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ ತಕರಾರು ತೆಗೆದರು. ಇತ್ತ ಉತ್ತರ ಪ್ರದೇಶದ 72 ಬ್ಲಾಕ್‌ಗಳಲ್ಲಿ ಹತ್ತು ಲಕ್ಷ ಪುಟ್ಟ ಮಕ್ಕಳ ಮೇಲೆ ಐದು ವರ್ಷ ನಡೆದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು: ಆರು ತಿಂಗಳಿಗೊಮ್ಮೆ ಮಾತ್ರೆ ಕೊಟ್ಟರೂ ತೂಕದಲ್ಲಾಗಲಿ, ಸಾವಿನ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹತ್ತು ಲಕ್ಷ ಮಕ್ಕಳ ಉತ್ತರವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೂ ಸರಾಸರಿಯನ್ನು ಪೂರ್ತಿ ನಂಬಲು ನನಗೆ ಹಿಂಜರಿಕೆ. ಹುಳುಗಳು ಎಲ್ಲರ ಹೊಟ್ಟೆಯಲ್ಲೂ ಸಮಪಾಲಿನಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ಐದನೇ ಒಂದು ಭಾಗದಷ್ಟು ಜನರೇ ಐದನೇ ನಾಲ್ಕರಷ್ಟು ಹುಳುಗಳನ್ನು ಹೊತ್ತಿರುತ್ತಾರೆ. 40 ಮಕ್ಕಳ ತರಗತಿಯಲ್ಲಿ ಅಂಥವರು ಎಂಟು ಮಂದಿ. ಆ ಎಂಟು ಮಕ್ಕಳಿಗೆ ಆದ ಲಾಭವನ್ನು ಉಳಿದ 32 ಮಂದಿಗೂ ಹಂಚಿ ನೋಡಿದರೆ ಏನು ತಾನೇ ಕಂಡೀತು?

ರಾಜ್ಯಗಳ ನಡುವೆಯೂ ಹುಳು ಸಮಪಾಲಿನಲ್ಲಿಲ್ಲ. ಭಾರತದ ಮೊದಲ ಸಮೀಕ್ಷೆಗಳಲ್ಲಿ ಸೋಂಕು ಮಧ್ಯಪ್ರದೇಶದಲ್ಲಿ 12.5%, ತಮಿಳುನಾಡಿನಲ್ಲಿ 85%. ಒಂದೇ ದೇಶ, ಒಂದೇ ಮಾತ್ರೆ, ಏಳು ಪಟ್ಟು ಅಂತರ. ಸರ್ಕಾರ 2020ರಲ್ಲಿ ಮರುಸಮೀಕ್ಷೆಯ ಅಂಕಿ ಪ್ರಕಟಿಸಿತು. ಛತ್ತೀಸ್‌ಗಢ 2016ರಲ್ಲಿ 74.6% ಇದ್ದದ್ದು ಎರಡೇ ವರ್ಷಕ್ಕೆ 13.9%. ಸಿಕ್ಕಿಂ ನಾಲ್ಕು ವರ್ಷದಲ್ಲಿ 80.4%ರಿಂದ 50.9%. ವರ್ಷಕ್ಕೆ ಒಂದೇ ಸುತ್ತು ನಡೆಸಿದ ರಾಜಸ್ಥಾನ 2013ರ 21.1%ರಿಂದ 2019ಕ್ಕೆ 1%ಗಿಂತ ಕೆಳಗೆ. ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲಿ 2016ರಲ್ಲಿ 36% ಇತ್ತು. ಮೂರು ವರ್ಷದ ಬಳಿಕ ಅಳೆದಾಗ 34.3%.