ಜಾತ್ರೆಯ ಆಟದ ತೊಟ್ಟಿಲು: ತಂದೆತಾಯಿಯರ ಗಮನಕ್ಕೆ

ಮಕರ ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಜರುಗುವ ಶ್ರೀ ಸಿದ್ಧೇಶ್ವರ ಜಾತ್ರೆಗೆ ತಿಕೋಟಾ, ಬಬಲೇಶ್ವರ ಭಾಗದ ದಂಪತಿಗಳು ಮಕ್ಕಳೊಡನೆ ಬರುತ್ತಾರೆ. ತೊಟ್ಟಿಲು, ತಿರುಗುವ ಕುದುರೆಗಳನ್ನು ಕಂಡ ಮಗು ಹಟ ಹಿಡಿಯುವುದು ಸಹಜ. ಇವು ಚಿಕ್ಕವು, ನಿಧಾನವಾದವು. ಆದುದರಿಂದ ನಿರಪಾಯವೆಂದು ಭಾವಿಸಲಾಗದು. ಚಕ್ರವು ಪೂರ್ಣವಾಗಿ ನಿಲ್ಲುವ ಮೊದಲೇ ಮಗುವನ್ನು ಏರಿಸುವುದು, ಇಳಿಸುವುದು ಅಪಾಯಕರ. ತಿರುಗುವ ದಂಡಕ್ಕೆ ಸಿಲುಕಿದ ಜಡೆಯು ತಲೆಯ ಚರ್ಮವನ್ನೇ ಕಿತ್ತುಬಿಡಬಲ್ಲುದು. ಜಡೆಯನ್ನು ಮೇಲೆತ್ತಿ ಕಟ್ಟಿ, ಓಢಣಿಯನ್ನು ತೆಗೆದಿರಿಸಿರಿ.

ಜಾರುಬಂಡೆಯಲ್ಲಿ ಕೂಸನ್ನು ತೊಡೆಯ ಮೇಲಿರಿಸಿಕೊಂಡು ಜಾರುವುದೇ ಕ್ಷೇಮವೆಂದು ಅನೇಕರು ನಂಬಿದ್ದಾರೆ. ಕೂಸಿನ ಪಾದವು ಅಂಚಿಗೆ ತಗುಲಿ ನಿಂತರೂ ಹಿರಿಯರ ದೇಹಭಾರವು ಮುಂದಕ್ಕೆ ತಳ್ಳುತ್ತದೆ. ಆಗ ಮೊಣಕಾಲ ಕೆಳಗಿನ ಎಲುಬು ಮುರಿಯುತ್ತದೆ. ಪ್ರೀತಿಯಿಂದಲೇ ಆಗುವ ಪೆಟ್ಟಿದು.

ಆಟ ನಡೆಸುವವನು ಪ್ರತಿ ಸುತ್ತಿಗೂ ಮುನ್ನ ಪ್ರತಿ ಆಸನದ ಅಡ್ಡಸರಳನ್ನು ಕೈಯಿಂದ ಎಳೆದು ನೋಡತಕ್ಕದ್ದು. ಚಕ್ರ ತಿರುಗುತ್ತಿರುವಾಗ ಸ್ವಿಚ್ಚಿನ ಬಳಿಯಿಂದ ಅವನು ಕದಲಕೂಡದು. ಟಿಕೀಟಿನ ಹಣ ಎಣಿಸುವುದರಲ್ಲೇ ಮಗ್ನನಾಗಿದ್ದರೆ ಮಗುವನ್ನು ಕೂರಿಸಬೇಡಿರಿ. ಇದರಲ್ಲಿ ಸಂಕೋಚ ಸಲ್ಲದು. ಸರಳಿನ ಕೆಳಗೆ ನುಸುಳುವಷ್ಟು ಚಿಕ್ಕ ಮಗುವಿಗೆ ಆ ಆಟ ತಕ್ಕುದಲ್ಲ. ಗರ್ಭಿಣಿಯರು ಇಂಥ ಯಾವ ಚಕ್ರವನ್ನೂ ಏರಬಾರದು.

ಗಾಯದಿಂದ ರಕ್ತ ಸುರಿದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಸುಣ್ಣ, ಕಾಫಿಪುಡಿ ಮೆತ್ತಬೇಡಿರಿ. ಕಾಲು ಮುರಿದ ಸಂಶಯವಿದ್ದರೆ ಎಣ್ಣೆ ಹಚ್ಚಿ ತಿಕ್ಕದೆ, ಕಾಲನ್ನು ಅಲುಗಿಸದೆ 108ಕ್ಕೆ ಕರೆಮಾಡಿರಿ. ತಲೆಗೆ ಪೆಟ್ಟಾದ ಮಗು ಪದೇ ಪದೇ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಿದ್ದರೆ, ಅಂದು ರಾತ್ರಿಯೇ ಆದರೂ ಜಿಲ್ಲಾ ಆಸ್ಪತ್ರೆಗೆ ಕರೆತನ್ನಿರಿ.